ಎಡಕ್ಕೊಂದು ಚುಕ್ಕಿ

ತಿಕೋಟಾ ರಸ್ತೆಯ ಕೋಲ್ಡ್ ಸ್ಟೋರೇಜಿನಲ್ಲಿ
ಮೇ ತಿಂಗಳಲ್ಲೂ ಶಾಲು ಹೊದ್ದೇ ಕೂರುತ್ತಾನೆ ದಸ್ತಗೀರ.
ಒಳಗೆ ಒಣದ್ರಾಕ್ಷಿಯ ಡಬ್ಬಿ, ಸೂರಿನ ಮಟ ಒಟ್ಟಿದ್ದು.
ಬಾಗಿಲ ಬದಿ ಅವನ ಮೇಜು,
ಕಂಪ್ಯೂಟರಿನಲ್ಲಿ ನಾನು ಬರೆದುಕೊಟ್ಟ ಫಾರ್ಮು.

ಮೇಲೆ ಒಂದು ಖಾಲಿ ಖಾನೆ, ಕೆಳಗೆ ಹೆಸರಿನ ಪಟ್ಟಿ,
ನಾಲ್ಕುನೂರಾ ಹನ್ನೊಂದು ಸಾಲು.
ಖಾನೆಯಲ್ಲಿ ಒಂದಕ್ಷರ ಒತ್ತಿದರೆ
ಪಟ್ಟಿ ಮೈ ಕೊಡವಿ ಅರ್ಧಕ್ಕಿಳಿಯಬೇಕು,
ಎರಡೊತ್ತಿದರೆ ಹತ್ತೋ ಹನ್ನೆರಡೋ.
ಜರಡಿ ಹಿಡಿದ ನಿಮ್ಮ ಹೆಂಗಸರ ಕೈ ಇದ್ದಂಗ, ಎಂದು ಹೇಳಿ
ಮಾಲಕರಿಂದ ಏಳು ಸಾವಿರ ಇಸಕೊಂಡಿದ್ದೆ.

ಗುರುಬಾಯಿ ಬಂದಳು.
"ನನ್ನ ಮಾಲು ತಗೀರಿ. ತಾಸಗಾಂವ್ದಾಗ ರೇಟು ಏರೇದಂತ."
ದಸ್ತಗೀರ 'ಗು' ಒತ್ತಿದ. 'ಗುರು' ಒತ್ತಿದ.
ಗುರುಪಾದ ಬಂದ, ಗುರುನಾಥರು ಇಬ್ಬರು ಬಂದರು.
'ಬಾ' ಸೇರಿಸಿದ್ದೇ ತಡ
ಪಟ್ಟಿ ಪೂರಾ ಬಿಳಿ,
ಆಗಷ್ಟೇ ಸುಣ್ಣ ಬಳಿದ ಗೋಡೆ.
"ಇಲ್ರಿ ಅಕ್ಕಾರ, ನಿಮ್ಮ ಹೆಸರೇ ಇಲ್ಲ ಇದರಾಗ."
"ಇಲ್ಲಂದ್ರ? ಇಲ್ಲೇ ನಿಂತೀನಲ್ಲೋ ತಮ್ಮಾ!"

ಫೋನು ನನಗೆ ಬಂತು. ಗಾಡಿ ಹೊಡೆದೆ.
ಕೋಡು ತೆಗೆದರೆ ತಪ್ಪು ಒಂದೇ ಸಾಲಿನದು.
ಒತ್ತಿದ ಅಕ್ಷರದ ಬಲಕ್ಕೆ
ಎಂಟರ ಗುಂಡಿಯ ಮೇಲಿನ ಆ ಚುಕ್ಕಿ ಇಟ್ಟಿದ್ದೆ,
ಬಾಲಕ್ಕೆ ಏನು ಬೇಕಾದರೂ ಅಂಟಿಕೊಳ್ಳಲಿ ಎಂದು.
ಎಡಕ್ಕೆ ಇಟ್ಟಿರಲಿಲ್ಲ.
ಹೆಸರಿಗಿಂತ ಮೊದಲು ಏನಾದರೂ ಇದ್ದೀತೆಂದು
ಹೊಳೆದೇ ಇರಲಿಲ್ಲ.
ನನ್ನ ಹೆಸರು ನನ್ನಿಂದಲೇ ಶುರುವಾಗುತ್ತದೆ.

ಎಡಕ್ಕೊಂದು ಚುಕ್ಕಿ ಹಾಕಿದೆ.
ದಸ್ತಗೀರ ಮತ್ತೆ ಒತ್ತಿದ. ಒಂದು ಸಾಲು ಎದ್ದು ನಿಂತಿತು,
ಅವನೇ ಬರೆದ ರಶೀದಿಯಿಂದ ಇಳಿದದ್ದು:
ದಿ. ಮಲಕಪ್ಪ ರೇವಪ್ಪ ತೇಲಿ ಇವರ ಹೆಂಡತಿ ಗುರುಬಾಯಿ,
ಡಬ್ಬಿ ಇನ್ನೂರಾ ಅರವತ್ತು.

ಗಂಡ, ಮಾವ, ಮನೆತನ,
ಒಂದಕ್ಷರದ ಸಾವು ಕೂಡ,
ಎಲ್ಲ ಆ ಚುಕ್ಕಿಯ ಹೊಟ್ಟೆಗೆ.

"ಮುಂಚಿಂದೆಲ್ಲ ಅಳಿಸಿಬಿಡ್ಲೇನ್ರಿ?" ಎಂದೆ.
ಅವಳು ಬಾಗಿ, ಗಾಜಿಗೆ ಬೆರಳು ತಾಗಿಸದೆ,
ಸಾವಕಾಶ ಓದಿದಳು. ಮತ್ತೊಮ್ಮೆ ಓದಿದಳು.
"ಇರ್ಲಿ ಬಿಡು. ಬಳ್ಳಿ ಹಚ್ಚಿದಾಂವ ಅಂವನ.
ಹುಡುಕೂ ಮುಂದ ಮಾತ್ರ
ನನ್ನ ಹೆಸರ್ಲೆ ಸಿಗಬೇಕು ನಾ."

ಹಮಾಲರು ಬಾಗಿಲು ಸರಿಸಿದರು. ಬಿಸಿಲಿಗೆ ಬಿದ್ದ ತಂಪು
ಹೊಗೆಯಾಡಿತು.
ದಸ್ತಗೀರ ಖಾನೆ ಒರೆಸಿದ್ದೇ
ನಾಲ್ಕುನೂರಾ ಹನ್ನೊಂದೂ ಮಂದಿ ತಿರುಗಿ ಬಂದು ಕೂತರು,
ಏನೂ ಆಗೇ ಇಲ್ಲದವರ ಹಾಗೆ.

ಬಾಗಿಲಲ್ಲಿ ಆಗಲೇ ಇನ್ನೊಬ್ಬ ನಿಂತಿದ್ದ,
ಹೆಸರು ಕೇಳಿದರೆ
ಊರು ಹೇಳುತ್ತ.