ಬೋರಲು ಅಂಗೈ

ತೀರ್ಥಕ್ಕೆ ಕೈಯೊಡ್ಡುತ್ತೇವಲ್ಲ, ಹಾಗೆ
ಬೆರಳು ಕೂಡಿಸಿ, ಹೆಬ್ಬೆರಳು ಒತ್ತಿ,
ನಡುವೆ ಒಂದು ಗುಳಿ ಮಾಡಿ, ಆಮೇಲೆ ಬೋರಲು ಹಾಕಿ
ಎಂದು ಹೇಳಹೊರಟವಳು ನಾಲಿಗೆ ಕಚ್ಚಿಕೊಂಡೆ.
ಗ್ರಿಮ್ಸ್‌ಬಿಯ ಡೀನ್ ಹಾರ್ಗ್ರೀವ್ಸ್‌ಗೆ ಎಲ್ಲಿಯ ತೀರ್ಥ?
"ನಲ್ಲಿಯ ನೀರು ಕುಡಿಯುವಾಗ ಹಿಡಿಯುತ್ತೀರಲ್ಲ," ಎಂದೆ.
ಆತ ತನ್ನ ಕೈ ನೋಡಿಕೊಂಡ.

ಹ್ಯಾಡಕ್ ಮೀನು ಸೀಳುವ ಕೈ.
ಬೆಳಗಿನ ಮೂರಕ್ಕೆ ಐಸಿನ ಪೆಟ್ಟಿಗೆ ಎತ್ತುವ ಕೈ.
ಎಡ ತೋರುಬೆರಳಿಗೆ ತುದಿಯಿಲ್ಲ,
ಯಾವ ವರ್ಷ, ಯಾವ ಚಾಕು, ನಾನು ಕೇಳಲಿಲ್ಲ.
ಆ ಅಂಗೈಯಷ್ಟೇ ಅಗಲ ಮಗುವಿನ ಬೆನ್ನು ಪೂರಾ.
ಹನ್ನೊಂದು ವಾರದ ನೆಲ್,
ಬರೀ ನ್ಯಾಪಿಯಲ್ಲಿ, ಅಪ್ಪನ ತೊಡೆಯ ಮೇಲೆ ಮಗ್ಗುಲಾಗಿ.
ಎದೆಯೊಳಗೆ ಅಂಟು.

"ಏನಾದರೂ ಮುರಿದುಬಿಟ್ಟರೆ?"
ಎಲ್ಲರೂ ಕೇಳುವುದು ಇದನ್ನೇ.
ಕೇಳದವರನ್ನು ಕಂಡರೆ ನನಗೆ ಭಯ.

ಬಡಿಯುವುದು ಕೈಯಲ್ಲ, ಡೀನ್,
ಕೈಯೊಳಗೆ ಸಿಕ್ಕಿಬಿದ್ದ ಗಾಳಿ.
ಚಟ್ ಎಂದರೆ ತಪ್ಪು, ಡೊಬ್ ಎಂದರೆ ಸರಿ.
ಬೆನ್ನುಮೂಳೆ ಬಿಡಿ. ಪಕ್ಕೆಲುಬು ಮುಗಿದಲ್ಲಿ ನಿಲ್ಲಿ,
ಅದರ ಕೆಳಗಿನದು ಬೇರೆಯವರ ಮನೆ.
ಹಾಲು ಕುಡಿದ ಮೇಲೆ ಬೇಡ, ಕುಡಿಯುವ ಮುಂಚೆ.
ತಲೆ ಕೆಳಗೆ ಮಾಡಬೇಡಿ; ಹಿಂದೆ ಮಾಡುತ್ತಿದ್ದರು,
ಕಲಿಸಿದವರನ್ನು ನಂಬಿ ನಾನೂ ಮಾಡಿದ್ದೇನೆ.

ಹುಬ್ಬಳ್ಳಿಯಲ್ಲಿ ದಿಂಬಿನ ಮೇಲೆ ಕಲಿಯುವಾಗ
ನನ್ನ ಕೈಗೆ ಅವ್ವನ ರೊಟ್ಟಿಯ ಸದ್ದೇ ಬರುತ್ತಿತ್ತು,
ಚಪ್ಪಟೆ, ಚುರುಕು.
ಮೇಷ್ಟ್ರು ಮಣಿಕಟ್ಟಿಗೆ ಸ್ಕೇಲು ತಾಗಿಸುತ್ತಿದ್ದರು:
ಸಡಿಲ, ಸಡಿಲ, ಇದು ಹಸಿದವರ ಕೆಲಸವಲ್ಲ.

ಒಮ್ಮೊಮ್ಮೆ ಕೆಲಸವೆಂದರೆ ಮುಟ್ಟದಿರುವುದು.
ಕಳೆದ ಮಾರ್ಚಿನಲ್ಲಿ, ಗಾಜಿನ ಪೆಟ್ಟಿಗೆಯೊಳಗೆ,
ಎಂಟುನೂರ ನಲವತ್ತು ಗ್ರಾಂ,
ಈರುಳ್ಳಿಯ ಒಳಪದರದಂಥ ಚರ್ಮ.
ಕಿಂಡಿಯಲ್ಲಿ ಎರಡೂ ಕೈ ತೂರಿಸಿ
ಬೆರಳು ಬೆಚ್ಚಗಾಗಲೆಂದು ಕಾಯುತ್ತಿದ್ದೆ.
ಮುಟ್ಟುವ ಮೊದಲೇ ಪರದೆಯ ಮೇಲಿನ ಅಂಕಿ
ಎಂಬತ್ತೊಂದಕ್ಕೆ ಜಾರಿತು.
ಕೈ ತೆಗೆದೆ. ಫೈಲಿನಲ್ಲಿ ಬರೆದೆ: ಇವತ್ತು ಬೇಡ.
ಎರಡು ಪದಕ್ಕೆ ದಿನದ ಸಂಬಳ.
ಆ ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.

ನೆಲ್‌ಳ ಉಪ್ಪನ್ನು ಮೊದಲು ಹಿಡಿದವಳು ಅಜ್ಜಿ ಮಾರೀನ್,
ಹಿಮ್ಮಡಿಯ ರಕ್ತದ ವರದಿ ಬರುವ ಮುಂಚೆಯೇ.
ಹಣೆಗೆ ಮುತ್ತಿಟ್ಟು, ತುಟಿ ಸವರಿಕೊಂಡು,
"ಇದು ಸಮುದ್ರದಿಂದ ಎದ್ದು ಬಂದ ಹಾಗಿದೆಯಲ್ಲೇ," ಎಂದಳಂತೆ.
ಎಲ್ಲರೂ ನಕ್ಕರಂತೆ.
ಡೀನ್ ಈಗ ಹೇಳುತ್ತಾನೆ, ನನ್ನತ್ತ ನೋಡದೆ:
"ನನಗೂ ಗೊತ್ತಾಗಿತ್ತು.
ಅದು ನನ್ನದೇ ಉಪ್ಪು ಅಂದುಕೊಂಡಿದ್ದೆ,
ಡಾಕಿನಿಂದ ನನ್ನ ತುಟಿಗೆ ಹತ್ತಿ ಬಂದದ್ದು."

ಏನು ಹೇಳಲಿ.
ಮೆತ್ತನೆಯ ಬಟ್ಟೆ ಮಡಿಸಿ ಬೆನ್ನ ಮೇಲಿಟ್ಟೆ.

ಡೊಬ್. ಚಟ್. ಡೊಬ್ ಡೊಬ್.
ನಾಲ್ಕನೇ ನಿಮಿಷಕ್ಕೆ ಮಣಿಕಟ್ಟು ಬಿಚ್ಚಿಕೊಂಡಿತು.
"ಕ್ಲೀಥಾರ್ಪ್ಸ್ ದಂಡೆಯ ಕತ್ತೆ ನಡೆದ ಹಾಗೆ," ಎಂದ,
"ಚಿಕ್ಕಂದಿನಲ್ಲಿ, ಒದ್ದೆ ಮರಳಿನ ಮೇಲೆ, ಒಂದು ಪೌಂಡಿಗೆ ಒಂದು ಸುತ್ತು."
ಅಳುತ್ತಾಳೆಂದು ಕಾದೆವು; ನಿದ್ದೆಹೋದಳು, ಬಾಯಿ ತೆರೆದು.
ಆಮೇಲೆ ಒಂದು ಕೆಮ್ಮು, ಬೆಕ್ಕಿನ ಮರಿ ಸೀನಿದಷ್ಟು,
ಒಂದು ಗುಟುಕು.

"ಬಂತಾ?"
"ಬಂತು, ನುಂಗಿದಳು. ಈ ವಯಸ್ಸಿಗೆ ಅಷ್ಟೇ,
ನಿಮಗೆ ಕಾಣಿಸುವುದಿಲ್ಲ."
ಸ್ಟೆತಾಸ್ಕೋಪು ಅವನ ಕಿವಿಗೆ ಕೊಟ್ಟೆ.
ತುಂಬ ಹೊತ್ತು ಕೇಳಿದ.
ಕಿಟಕಿಯಾಚೆ ಕಡಲಹಕ್ಕಿಯೊಂದು ಪಾರ್ಕಿಂಗಿನಲ್ಲಿ
ಯಾರದೋ ಚಿಪ್ಸ್ ಹರಿದು ತಿನ್ನುತ್ತಿತ್ತು.

"ಎಷ್ಟು ದಿನ ಹೀಗೆ?"
"ದಿನಕ್ಕೆ ಎರಡು ಸಲ," ಎಂದೆ.
ಅವನು ಕೇಳಿದ್ದು ಅದನ್ನಲ್ಲ. ಅದು ಅವನಿಗೂ ಗೊತ್ತು.
ತಲೆಯಾಡಿಸಿ, ಮಗುವನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿ,
ಅಂಗೈಯಲ್ಲಿ ಗುಳಿ ಮಾಡಿಕೊಂಡ.