ಎಪ್ಪತ್ತೊಂದು

ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದೆ. ಎಪ್ಪತ್ತೊಂದು.
ಕೆಳಗೆ ಲಿಮಾದಲ್ಲಾಗಿದ್ದರೆ
ಇಷ್ಟೊತ್ತಿಗೆ ಆಂಬುಲೆನ್ಸು ಬೊಬ್ಬೆಯಿಡುತ್ತಿತ್ತು.
ಇಲ್ಲಿ, ಲಾ ರಿಂಕೊನಾಡಾದಲ್ಲಿ,
ಮೋಡ ಬಂದು ಅಂಗಳ ಗುಡಿಸುವ ಎತ್ತರದಲ್ಲಿ,
ಸಾಬಿನಾ ಲಾರಿಕೊ ನಗುತ್ತಾಳೆ.
ನೀಲಿಗಟ್ಟಿದ ತುಟಿಯ ಹಿಂದೆ ಕೋಕಾ ಎಲೆಯ ಉಂಡೆ
ಈ ದವಡೆಯಿಂದ ಆ ದವಡೆಗೆ ಉರುಳುತ್ತದೆ.
“ಅದಿರಲಿ ನರ್ಸಮ್ಮ,
ಒಳಗೆ ಹೋದ ಗಾಳಿ ಹೋಗುವುದಾದರೂ ಎಲ್ಲಿಗೆ?”

ಹನ್ನೊಂದು ವರ್ಷ. ಯಾರೂ ಕೇಳಿರಲಿಲ್ಲ.
ಕೇಳುವುದೆಲ್ಲ ತಲೆನೋವಿನ ಮಾತ್ರೆ,
ಕಿವಿಯೊಳಗೆ ಗುಂಯ್ ಎನ್ನುವುದಕ್ಕೆ ಎರಡು ಹನಿ ಏನಾದರೂ.

ಚೀಟಿಯ ಬೆನ್ನಿಗೆ ಮರವೊಂದನ್ನು ತಲೆಕೆಳಗೆ ಬರೆದೆ,
ನಾನು ಓದಿದ ಪುಸ್ತಕದಲ್ಲಿದ್ದಂತೆ. ಹೊಡೆದುಹಾಕಿದೆ.
ಹುಲ್ಲೂ ಹೆದರಿ ಹುಟ್ಟುವ ಊರಲ್ಲಿ ಮರವೇಕೆ?
ಸುರಂಗ ಬರೆದೆ.

ವಪೆ ಕೆಳಕ್ಕೆ ಜಗ್ಗಿತೋ, ಗಾಳಿ ತಾನಾಗಿ ಬಂದು ಬೀಳುತ್ತದೆ.
ಮೂಗಿನಿಂದ ಒಂದೇ ದಾರಿ,
ಎದೆಗಿಳಿದು ಎರಡು, ಎರಡು ನಾಲ್ಕು,
ಇಪ್ಪತ್ತಮೂರು ಸಲ ಕವಲೊಡೆದು
ಕಡೆಗೆ ಕುರುಡು ಕೋಣೆಗಳು, ಕೋಟಿಗಟ್ಟಲೆ,
ಈರುಳ್ಳಿಯ ಒಳಪೊರೆಗಿಂತ ತೆಳು ಗೋಡೆ.
ಗೋಡೆಯಾಚೆ ನೆತ್ತರ ಓಣಿ. ಎಷ್ಟು ಇಕ್ಕಟ್ಟೆಂದರೆ
ಕೆಂಪು ಕಣಗಳು ಒಂದರ ಹಿಂದೊಂದು,
ಪಾಳಿ ಬದಲಾದಾಗ ನಿಮ್ಮವರು ಇಳಿಯುತ್ತಾರಲ್ಲ, ಹಾಗೆ.

“ನಾನು ನೋಡಿಲ್ಲ,” ಅಂದಳು.
ಹೌದಲ್ಲ. ಹೆಂಗಸು ಹೊಕ್ಕರೆ ಚಿನ್ನ ಮುನಿಯುತ್ತದಂತೆ.
ಸಾಬಿನಾ ಸುರಂಗದ ಬಾಯಲ್ಲಿ ಕೂತು
ಅವರು ಬಿಸಾಡಿದ ಕಲ್ಲು ಆಯುವವಳು,
ಸುತ್ತಿಗೆಯಿಂದ ಜಜ್ಜಿ, ಬಿಸಿಲಿಗೆ ಹಿಡಿದು,
ಮಿನುಗಿದರೆ ಮಡಿಲಿಗೆ,
ಇಲ್ಲದಿದ್ದರೆ ಇಳಿಜಾರಿಗೆ.

ಹಾಗಾದರೆ ಕೇಳು. ಒಂದೊಂದು ಕಣದಲ್ಲೂ
ಕೋಟಿ ಕೋಟಿ ಕಬ್ಬಿಣದ ಗಾಡಿ, ಗಾಡಿಗೆ ನಾಲ್ಕು ಸೀಟು.
ಇಲ್ಲಿ ಮೂರು ತುಂಬುವುದೂ ಅನುಮಾನ.
ಮೂತ್ರಪಿಂಡ ಗೊಣಗುತ್ತದೆ, ಮೂಳೆಯ ಮಜ್ಜೆ
ಇನ್ನಷ್ಟು, ಇನ್ನಷ್ಟು ಕಣ ಹೆರುತ್ತದೆ,
ನೆತ್ತರು ಬೆಲ್ಲದ ಪಾಕದ ಹಾಗೆ ಮಂದ,
ತಳ್ಳಿ ತಳ್ಳಿ ಗುಂಡಿಗೆಗೆ ಸುಸ್ತು.
ನಿನ್ನ ತಲೆನೋವು ಬೇರೇನಲ್ಲ,
ಸಂತೆಯ ದಿನದ ಓಣಿ.

“ಗಾಡಿ ಇಳಿಸುವುದೆಲ್ಲಿ?”
ಸುತ್ತಿಗೆ ಎತ್ತುವ ಈ ತೋಳಲ್ಲಿ. ಕಣ್ಣಲ್ಲಿ. ಎಲ್ಲ ಕಡೆ.
ಬೆಳಿಗ್ಗೆ ತಿಂದ ಒಣ ಆಲೂಗಡ್ಡೆ ಸಕ್ಕರೆಯಾಗಿ
ಮೊದಲೇ ಅಲ್ಲಿಗೆ ಬಂದು ಕೂತಿರುತ್ತದೆ.
ಅದನ್ನು ಜಜ್ಜುತ್ತಾರೆ, ನಿನ್ನ ಹಾಗೆಯೇ, ಒಮ್ಮೆಗೇ ಅಲ್ಲ.
ಇಂಗಾಲ ಕಳಚಿ ಇಳಿಜಾರಿಗೆ, ಅದೇ ನೀನು ಹೊರಬಿಡುವ ಉಸಿರು.
ಮಿನುಗುವ ಇಲೆಕ್ಟ್ರಾನು ಕೈಯಿಂದ ಕೈಗೆ,
ಮೇಲಿನ ಮೆಟ್ಟಿಲಿಂದ ಕೆಳಗಿನ ಮೆಟ್ಟಿಲಿಗೆ.
ಕೈ ದಾಟುವಾಗೆಲ್ಲ ಒಂದಿಷ್ಟು ಪ್ರೋಟಾನು ಕಟ್ಟೆಯಾಚೆ ಬಿದ್ದು,
ಅವು ಧುಮ್ಮಿಕ್ಕಿ ಮರಳುವಾಗ ಚಕ್ರವೊಂದು ತಿರುಗಿ
ಟಂಕಸಾಲೆ. ನಾಣ್ಯ. ಅದರಲ್ಲೇ ನೀನು ಎದ್ದು ನಿಲ್ಲುವುದು.
ಕಡೆಯ ಮೆಟ್ಟಿಲಲ್ಲಿ ಆಮ್ಲಜನಕ, ಕೈಚಾಚಿ.
ಅದರ ಕೆಲಸ ಇಸಿದುಕೊಳ್ಳುವುದಷ್ಟೆ. ಆದರೆ ಅದು ಬರದಿದ್ದರೆ
ಮೇಲಿನ ಕೈಗಳೆಲ್ಲ ತುಂಬಿ, ಸಾಲೇ ಸ್ತಬ್ಧ.

“ಕೂಲಿ ಎಷ್ಟು?”
ಒಂದು ಸಕ್ಕರೆಗೆ ಮೂವತ್ತು ನಾಣ್ಯ, ಚೂರು ಹೆಚ್ಚುಕಡಿಮೆ.
ಗಾಳಿಯಿಲ್ಲದಿದ್ದರೆ ಎರಡು.

ಮೂವತ್ತು ಎಂದಾಗ ಸುಮ್ಮನಾದಳು.
ಗಂಡ ಬೆಲಿಸಾರಿಯೊ ಮೂವತ್ತು ದಿನ ಬಿಟ್ಟಿ ಅಗೆಯುತ್ತಾನೆ;
ಮರುದಿನ ಹೊರಲಾದಷ್ಟು ಕಲ್ಲು ಅವನದು,
ಅದರಲ್ಲಿ ಚಿನ್ನ ಇದ್ದರೆ ಇತ್ತು.
“ಇವರಿಗೆ ಯಾವತ್ತು ಬಟವಾಡೆ?”
ಗಳಿಗೆ ಗಳಿಗೆಗೂ. ಕೂಡಿಡಲು ಮಾತ್ರ ಬರುವುದಿಲ್ಲ.

ಇನ್ನೊಂದು ಹೇಳಿದೆ: ಆಮ್ಲಜನಕ ಕಡೆಗೆ ನೀರಾಗುತ್ತದೆ.
ದಿನಕ್ಕೊಂದು ಲೋಟದಷ್ಟು, ನೀನು ಕುಡಿಯದ ನೀರು.

ಸಾಬಿನಾ ಸ್ಟೀಲಿನ ತಟ್ಟೆ ಎತ್ತಿ ‘ಹಾ’ ಎಂದು ಊದಿದಳು.
ಮಂಜು ಕೂತಿತು. ಅದರೊಳಗೆ ಬೆರಳಿಂದ ಗೆರೆ ಎಳೆದಳು.
“ಅಂದರೆ ಹೊಕ್ಕಿದ್ದೇನೆ,” ಅಂದಳು, “ಗಣಿಯನ್ನು.
ಯಾರಿಗೂ ಹೇಳಬೇಡಿ.”

ಕೆಳಗಿಳಿದು ಹೋಗು, ಇಲ್ಲಿರಬೇಡ ಎಂದು ಬರೆದ ಚೀಟಿ ಅದು.
ಚಿತ್ರದ ಬದಿ ಮೇಲೆ ಮಾಡಿ ಮಡಚಿಟ್ಟುಕೊಂಡು,
ಬಾಗಿಲ ಬಳಿ ಎರಡು ಸಲ ನಿಂತು ಉಸಿರೆಳೆದುಕೊಂಡು,
ಗುಡ್ಡ ಹತ್ತಿದಳು.

ಕ್ಲಿಪ್ಪನ್ನು ನನ್ನ ಬೆರಳಿಗೆ ಸಿಕ್ಕಿಸಿ ನೋಡಿದೆ.
ಎಪ್ಪತ್ತೆಂಟು.