ವಾಟ

ಬ್ಯಾಲರಟ್ಟಿನ ಜುಲೈ. ಹಲ್ಲು ಕಟಕಟಿಸುವ ಬೆಳಗು.
ಹೆಗಲಿಗೆ ಟವೆಲ್ಲು, ಕೈಯಲ್ಲಿ ಸೋಪಿನ ಡಬ್ಬಿ,
ಮೂರು ವಾರದಿಂದ ಪಕ್ಕದ ಗ್ಲೆನಿಸ್ ಮನೆಯಲ್ಲಿ
ಪಾಳಿ ಹಚ್ಚಿ ನಮ್ಮ ಜಳಕ.

ನಮ್ಮ ಬಚ್ಚಲಿಗೀಗ ಗೋಡೆಯಿಲ್ಲ, ಗೋಡೆಯ ಎಲುಬಿದೆ.
ಹಳೆಯ ಗುಲಾಬಿ ಟೈಲು ಒಡೆದವಳು ನೀಲಾಂಬಿಕೆ,
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದವಳೇ ಉಳಿ ಹಿಡಿದು.
ಯಾವ ಸಿಟ್ಟೋ, ನಾನು ಕೇಳಲಿಲ್ಲ.

ಕೊಟೇಶನ್ ನೋಡಿ ನಕ್ಕವನು ನಾನು.
"ನಾವೇ ಮಾಡಿದರಾಯ್ತು" ಎಂದವನೂ.
ಈಗ ಮೊಣಕಾಲೂರಿ
ರಸಮಟ್ಟದ ಗುಳ್ಳೆಯನ್ನು ಬೇಡಿಕೊಳ್ಳುತ್ತಿರುವವನೂ.

"ನೆಲ ಸಪಾಟ ಇರಬಾರ್ದು, ವಾಟ ಇರಬೇಕು."
ಇವಳಪ್ಪ ಗದಗಿನಲ್ಲಿ ಗೌಂಡಿ; ಮಾತು ಅಲ್ಲಿಯದು.
"ವಾಟ ಅಂದ್ರೆ?" ಮಗಳ ಪ್ರಶ್ನೆ.
ಸ್ಲೋಪ್ ಎಂದರೆ ಅದು ಗುಡ್ಡದ್ದಾಯಿತು.
ಹುಡುಕುತ್ತಿದ್ದಂತೆ ಅವಳೇ ಒಂದು ಗೋಲಿ ತಂದು ಬಿಟ್ಟಳು:
ಜಾಲಿಯತ್ತ ಹೋಗಬೇಕಾದದ್ದು
ನನ್ನ ಹೆಬ್ಬೆರಳಿಗೆ ಬಂದು ನಿಂತಿತು.

ಕಿತ್ತೆ. ಕಲಸಿದೆ. ಮತ್ತೆ ಹಾಕಿದೆ.
ಮೊಣಕಾಲೆತ್ತರಕ್ಕೊಂದು ನಲ್ಲಿ, ಬಕೆಟ್ಟಿಗೆ.
"ಬಕೆಟ್ಟಿಗಾ?" ಎರಡು ಸಲ ಕೇಳಿದ
ಲೈಸೆನ್ಸಿನ ಪ್ಲಂಬರು, ಆಮೇಲೆ ಕೂರಿಸಿದ.

ಮೊದಲ ತಂಬಿಗೆ ನೀರು ಸುರಿದ ಸಂಜೆ
ಮೂವರೂ ಕುಕ್ಕರುಗಾಲಲ್ಲಿ. ಗ್ಲೆನಿಸ್ ನಿಂತೇ ಇದ್ದಳು, ಮಂಡಿನೋವು.
ನೀರು ಕ್ಷಣ ಯೋಚಿಸಿತು.
ಹೊರಟಿತು.
ಮೂಲೆಯಲ್ಲಿ ಅಂಗೈಯಗಲ ಮಾತ್ರ
ಹೋಗಲೊಲ್ಲದೆ ಉಳಿಯಿತು.

ಕೊನೆಗೆ ಮಿಂದವರು
ಅದನ್ನು ಕಾಲಲ್ಲೇ ಜಾಲಿಗೆ ದೂಡಿ ಬರುತ್ತೇವೆ.
ಆ ಬಗ್ಗೆ ಮನೆಯಲ್ಲಿ ಮಾತಿಲ್ಲ.